ಹುಲ್ಲಿಗೆ ಹೊತ್ತ ನೀರು

ನಾನು ಬೆಳೆದ ಮನೆಯ ಮುಂದೆ ಮನೆಯವರು ಯಾರೂ ಕಾಲಿಡದ ಒಂದು ತುಂಡು ನೆಲವಿತ್ತು. ಅಪ್ಪಯ್ಯನ ಹೆಜ್ಜೆಯಲ್ಲಿ ಉದ್ದ ಇಪ್ಪತ್ತೆರಡು, ಅಗಲ ಹದಿನಾಲ್ಕು. ಅದು ಹುಲ್ಲುಹಾಸು. ಮನೆಯೂ ನಮ್ಮದಲ್ಲ, ಹುಲ್ಲೂ ನಮ್ಮದಲ್ಲ. ಕೋಣಂದೂರಿನಿಂದ ಹೊಸನಗರದ ಕಡೆ ಹೋಗುವ ದಾರಿಯಲ್ಲಿ, ಒಂದು ಬೋಳು ಗುಡ್ಡದ ನೆತ್ತಿಯ ಮೇಲೆ ಸರ್ಕಾರದ ಬಂಗಲೆ ಇತ್ತು. ಅಪ್ಪಯ್ಯ ಅದರ ಮೇಟಿ. ಬೀಗದ ಕೈ ಅವನ ಹತ್ತಿರ ಇರುತ್ತಿತ್ತು. ಸಾಹೇಬರು ಬಂದರೆ ಹಾಸಿಗೆ ಹಾಸುವುದು, ಬಿಸಿನೀರು ಕಾಯಿಸುವುದು, ಕೋಳಿ ಹಿಡಿದು ಅಡುಗೆ ಮಾಡಿ ಬಡಿಸುವುದು, ಅವರು ಹೋದ ಮೇಲೆ ಗುಡಿಸುವುದು ಅವನ ಕೆಲಸ. ಬಂಗಲೆಯ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ ನಮ್ಮ ಮನೆ. ಮುಂದಿನದರಲ್ಲಿ ಮಲಗುತ್ತಿದ್ದೆವು, ಹಿಂದಿನದರಲ್ಲಿ ಅಮ್ಮನ ಒಲೆ. ಅಡುಗೆಕೋಣೆಯ ಬಾಗಿಲು ಇಳಿಜಾರಿಗೆ ತೆರೆಯುತ್ತಿತ್ತು. ಅಲ್ಲಿ ಅಮ್ಮ ಬಸಳೆಯ ಚಪ್ಪರ ಹಾಕಿದ್ದಳು.

ಮಲೆನಾಡು ಎಂದರೆ ಬರೀ ಮಳೆ ಎಂದುಕೊಂಡವರಿಗೆ ಆ ಗುಡ್ಡವನ್ನು ತೋರಿಸಬೇಕು. ನಾಲ್ಕು ತಿಂಗಳು ಬೀಳುವ ನೀರೆಲ್ಲ ಅದರ ಮೈಮೇಲೆ ಹರಿದು ಕೆಳಗಿನ ಗದ್ದೆಗೆ ಹೋಗುತ್ತಿತ್ತು. ನೆಲ ಪೂರ್ತಿ ಜಂಬಿಟ್ಟಿಗೆ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ದೀಪಾವಳಿ ಕಳೆದರೆ ಕಾಲಿನಡಿ ಕೆಂಪು ಧೂಳು, ಶಿವರಾತ್ರಿಯ ಹೊತ್ತಿಗೆ ಬಾವಿಯಲ್ಲಿ ಕೊಡ ಮುಳುಗುವುದಕ್ಕೆ ಕಾಯಬೇಕು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷವಂತೂ ನವರಾತ್ರಿಗೆ ಮುಂಚೆಯೇ ಮಳೆ ಕೈಬಿಟ್ಟಿತು. ಕೆಳಗಿನ ಗದ್ದೆಯವರು ಕಾಳು ಕಟ್ಟದ ಪೈರನ್ನು ದನಕ್ಕೆ ಬಿಟ್ಟರು. ಹುಲ್ಲು ನೆಟ್ಟದ್ದು ಅದೇ ವರ್ಷ.

ಹುಲ್ಲಿನ ಮಾತು ತಂದವರು ಸಣ್ಣ ಸಾಹೇಬರು. ಎರಡು ವಾರಕ್ಕೊಮ್ಮೆ ಮೋಟರ್ ಸೈಕಲ್ಲಿನಲ್ಲಿ ಬಂದು, ಕಾಫಿ ಕುಡಿದು, ಪುಸ್ತಕಕ್ಕೆ ಸೈ ಹಾಕಿ ಹೋಗುವವರು. ಅವರು ಹೇಳಿದ್ದನ್ನು ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಿದ್ದೆ.

"ನೋಡು ಹೂವಪ್ಪ, ದೊಡ್ಡ ಸಾಹೇಬ್ರು ಹೊಸಬ್ರು. ಅವರಿಗೆ ಲಾನ್ ಅಂದ್ರೆ ಬಹಳ ಇಷ್ಟ. ಬೇಸಿಗೇಲಿ ಬರ್ತಾರೆ. ಅಷ್ಟೊತ್ತಿಗೆ ಇಲ್ಲಿ ಹಸಿರು ಕಾಣ್ಬೇಕು. ನಿನ್ನ ಮುಂದುವರಿಸೋ ಕಾಗದಕ್ಕೆ ಸೈ ಹಾಕೋರೂ ಅವರೇ."

"ಆಯ್ತು ಸಾರ್."

"ಬರೀ ಆಯ್ತು ಅಂದ್ರೆ ಆಗ್ಲಿಲ್ಲ."

"ಮಾಡ್ತೀನಿ ಸಾರ್."

ಅಪ್ಪಯ್ಯನ ಕೆಲಸ ವರ್ಷ ವರ್ಷ ಮುಂದುವರಿಯುವ ಕೆಲಸ. ಕಾಗದ ಬಂದರೆ ಇನ್ನೊಂದು ವರ್ಷ. ಬರದಿದ್ದರೆ ಕೆಲಸದ ಜೊತೆ ಎರಡು ಕೋಣೆಯೂ ಹೋಗುತ್ತದೆ. ಅರಳಸುರಳಿ ಕಡೆಯ ಅಜ್ಜನ ಮನೆಯಲ್ಲಿ ದೊಡ್ಡಪ್ಪಂದಿರ ಸಂಸಾರವೇ ತುಂಬಿ, ಹಬ್ಬಕ್ಕೆ ಹೋದರೆ ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಹೋಗಲು ಬೇರೆ ಜಾಗವಿಲ್ಲ ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನನಗೂ.

ಮಳೆಗಾಲದ ಶುರುವಿಗೆ ಶಿವಮೊಗ್ಗದಿಂದ ಗೋಣಿಚೀಲದಲ್ಲಿ ಹುಲ್ಲು ಬಂತು. ಅದನ್ನು ಬಿಚ್ಚಿದ ಅಮ್ಮ ಒಂದು ಎಳೆ ಎತ್ತಿ ನೋಡಿ, "ಇದು ಗರಿಕೆ ಕಣ್ರೀ, ಗಣಪತಿಗೆ ಏರಿಸೋದು. ಇದನ್ನ ಶಿವಮೊಗ್ಗದಿಂದ ತರ್ಬೇಕಿತ್ತಾ?" ಎಂದಳು. ಅಪ್ಪಯ್ಯ ಆಗಲೇ ನೆಲ ಹದ ಮಾಡಿದ್ದ. ಕೆಳಗಿನಿಂದ ಮೂವತ್ತು ಗಾಡಿ ಮಣ್ಣು ತರಿಸಿ ಹರಡಿ, ನಮ್ಮ ಕಡೆ ಶುಂಠಿಗೆ ಮಡಿ ಮಾಡುವಂತೆ ಮಾಡಿದ್ದ. ನಡು ಎತ್ತರ, ನಾಲ್ಕೂ ಕಡೆಗೆ ಇಳಿಜಾರು, ಸುತ್ತ ಒಂದು ಗೇಣು ಆಳದ ಬಸಿಗಾಲುವೆ. ಕಾಲುವೆಯ ನೀರು ಅಂಗಳದ ಗೋಡೆಯಡಿಯ ತೂತಿನಿಂದ ಆಚೆ ಇಳಿಜಾರಿಗೆ ಹೋಗಬೇಕು. ಅವನ ಅಪ್ಪ, ಅಜ್ಜ ಎಲ್ಲರೂ ಮಾಡಿದ್ದು ಹೀಗೆಯೇ. ನೀರು ನಿಂತರೆ ಬೇರು ಕೊಳೆಯುತ್ತದೆ. ಬೆಳೆ ಬದುಕಬೇಕಾದರೆ ನೀರನ್ನು ಓಡಿಸಬೇಕು. ಆ ಆಷಾಢದಲ್ಲಿ ಮಳೆ ಹೊಡೆದಾಗ ಹುಲ್ಲು ಕೊಳೆಯಲಿಲ್ಲ. ಕಾಲುವೆ ತುಂಬಿ ಹರಿಯುವುದನ್ನು ಅಪ್ಪಯ್ಯ ಗೊರಬು ಹಾಕಿಕೊಂಡು ನಿಂತು ನೋಡುತ್ತಿದ್ದ. ಸಣ್ಣ ಸಾಹೇಬರೂ ಹೊಗಳಿದರು.

ಮಳೆ ನಿಂತ ಮೇಲೆ ನೀರು ಹೊರುವುದು ಶುರುವಾಯಿತು. ಬೆಳಿಗ್ಗೆ ಮೂವತ್ತು ಕೊಡ, ಸಂಜೆ ಮೂವತ್ತು. ಅಪ್ಪಯ್ಯ ಸೇದಿ ಎರಡು ಕೈಯಲ್ಲಿ ಎರಡು ಕೊಡ ಒಯ್ಯುತ್ತಿದ್ದ. ನಾನು ಶಾಲೆಗೆ ಮುಂಚೆ ಸಣ್ಣ ಬಿಂದಿಗೆಯಲ್ಲಿ ಹತ್ತು ಸಲ. ಅಂಚಿನಲ್ಲಿ ನಿಂತು ಕೈ ನೀಡಿ ನಡುವಿಗೆ ಎರಚಬೇಕು, ಕಾಲಿಡಬಾರದು. ನೀರು ಹುಲ್ಲಿನ ಮೇಲೆ ಒಂದು ಗಳಿಗೆ ಹೊಳೆದು ಜಾರಿ ಕಾಲುವೆಗೆ ಇಳಿಯುತ್ತಿತ್ತು. ಇದು ಅಪ್ಪಯ್ಯನ ಕಣ್ಣಿಗೆ ಕಾಣಲಿಲ್ಲವೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಂಡಿರಬೇಕು. ಆದರೆ ಮಡಿಯ ಪಕ್ಕದ ಕಾಲುವೆಯಲ್ಲಿ ನೀರು ಓಡುತ್ತಿದ್ದರೆ ಕೆಲಸ ಸರಿಯಾಗಿದೆ ಎಂದೇ ಅವನು ಚಿಕ್ಕಂದಿನಿಂದ ಕಲಿತದ್ದು. ನೀರು ನಿಲ್ಲಿಸುವುದು ಕೆರೆಯ ಕೆಲಸ, ಮಡಿಯದಲ್ಲ. ಹುಲ್ಲು ಅರಿಶಿನ ಬಣ್ಣಕ್ಕೆ ತಿರುಗಿದಾಗ ಅವನಿಗೆ ಹೊಳೆದದ್ದು ಒಂದೇ: ಇನ್ನೂ ಹತ್ತು ಕೊಡ ಹೆಚ್ಚು.

ಗೋಡೆಯಡಿಯ ತೂತಿನಿಂದ ಆಚೆ ಹೋದ ನೀರು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಾದದ್ದು ಬಸಳೆ ಕೊಯ್ಯಲು ಹೋದಾಗ. ಸುತ್ತ ನೆಲ ಬಿರುಕು ಬಿಟ್ಟಿದ್ದರೆ ಚಪ್ಪರದಡಿ ನನ್ನ ಕಾಲ್ಬೆರಳ ಸಂದಿಗೆ ಕೆಸರು ಮೆತ್ತಿತು. ಗೋಡೆಯಿಂದ ಚಪ್ಪರದವರೆಗೆ ಯಾರೋ ಗುದ್ದಲಿಯಲ್ಲಿ ಒಂದು ಸಣ್ಣ ಗೀರು ಎಳೆದಿದ್ದರು. ಎಲೆ ಅಂಗೈ ಅಗಲ, ದಪ್ಪ, ಮುರಿದರೆ ಲೋಳೆ ಸುರಿಯುವಂಥದ್ದು. ನಾನು ಓಡಿ ಬಂದು ಅಮ್ಮನಿಗೆ ಹೇಳಿದೆ.

"ಅಮ್ಮ, ಹುಲ್ಲಿನ ನೀರೆಲ್ಲ ನಮ್ಮ ಬಸಳೆಗೆ ಬರ್ತಿದೆ!"

"ಕೂಗಬೇಡ."

"ಅಪ್ಪಯ್ಯಂಗೆ ಹೇಳ್ಲಾ?"

"ಎಂತಕ್ಕೆ? ಹುಲ್ಲು ತಿಂತೀವಾ ನಾವು? ಕಾಲು ತೊಳ್ಕೊಂಡು ಒಳಗೆ ಬಾ."

ಆ ಬೇಸಿಗೆಯ ಊಟ ನನಗೆ ಚೆನ್ನಾಗಿ ನೆನಪಿದೆ. ಸಂತೆಯಲ್ಲಿ ತರಕಾರಿ ಮುಟ್ಟುವಂತಿರಲಿಲ್ಲ. ನಮ್ಮಲ್ಲಿ ಮಾತ್ರ ಒಂದು ದಿನ ಬಸಳೆ ಹುಳಿ, ಒಂದು ದಿನ ಹುರುಳಿ ಹಾಕಿದ ಬಸಳೆ ಸಾರು, ಮತ್ತೊಂದು ದಿನ ದಂಟಿನ ಪಲ್ಯ. ನೀರು ಹೊತ್ತು ಅಂಗೈ ಕೆಂಪಾದ ಅಪ್ಪಯ್ಯ ಎರಡನೇ ಸಲ ಬಡಿಸಿಕೊಂಡು, "ಈ ಬರದಲ್ಲೂ ಬಸಳೆ ಹೆಂಗೆ ಬಂದಿದೆ ನೋಡು. ಕೈಗುಣ ಅಂದ್ರೆ ನಿಂದು ಕಣೇ" ಎನ್ನುತ್ತಿದ್ದ. ಅಮ್ಮ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ನನಗೆ ನಗು ಬರುತ್ತಿತ್ತು. ಅದನ್ನು ಬರೆಯಲೇಬೇಕು: ಆಗ ನನಗೆ ಅದು ತಮಾಷೆಯಾಗಿತ್ತು.

ಯುಗಾದಿ ಕಳೆದು ಬಾವಿಯಲ್ಲಿ ಕೊಡ ಮುಳುಗುವುದು ನಿಂತಿತು. ಅಪ್ಪಯ್ಯ ಬೆಳಿಗ್ಗೆ ಒಳಗೆ ಇಳಿಯತೊಡಗಿದ. ಮೇಲಿನ ಅರ್ಧ ಬಾವಿ ಜಂಬಿಟ್ಟಿಗೆ, ಗಟ್ಟಿ. ಕೆಳಗಿನ ಅರ್ಧ ಬಿಳಿ ಶೇಡಿಮಣ್ಣು, ಒದ್ದೆಯಾದರೆ ಬೆಣ್ಣೆಯಂತೆ. ಅದಕ್ಕೆ ಕಲ್ಲು ಕಟ್ಟಿರಲಿಲ್ಲ. ಅಪ್ಪಯ್ಯ ತಳದಲ್ಲಿ ಕುಕ್ಕರಗಾಲಲ್ಲಿ ಕೂತು ಒರತೆಯ ಬಾಯಿ ಕೆದಕಿ, ಕರಟದಲ್ಲಿ ನೀರು ತೋಡಿ ಕೊಡ ತುಂಬಿಸುತ್ತಿದ್ದ. ಅಮ್ಮ ಹಗ್ಗ ಎಳೆಯುತ್ತಿದ್ದಳು, ನಾನು ಕೊಡ ಹಿಡಿದು ಇಳಿಸಿಕೊಳ್ಳುತ್ತಿದ್ದೆ. ದೊಡ್ಡ ಸಾಹೇಬರು ಬರಲು ಮೂರು ವಾರ ಇದೆ ಎಂದು ಹಿಂದಿನ ದಿನ ಸುದ್ದಿ ಬಂದಿತ್ತು. ಹುಲ್ಲು ಅರ್ಧಕ್ಕಿಂತ ಹೆಚ್ಚು ಒಣಗಿತ್ತು.

ಅವತ್ತು ನಾನು ನೋಡಿದ್ದನ್ನು ನೋಡಿದ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ. ಹದಿನೈದನೇ ಕೊಡ ಮೇಲೆ ಬಂದಿತ್ತು. ನಾನು ಅದನ್ನು ಕಟ್ಟೆಯ ಮೇಲೆ ಇಟ್ಟೆ. ಒಳಗೆ ಒಂದು ಸದ್ದಾಯಿತು. ದೊಡ್ಡ ಸದ್ದಲ್ಲ, ಒದ್ದೆ ಗೋಣಿಚೀಲ ನೆಲಕ್ಕೆ ಬಿದ್ದ ಹಾಗೆ. ಬಗ್ಗಿ ನೋಡಿದೆ. ಒಂದು ಬದಿಯ ಶೇಡಿ ಪದರ ಜಾರಿ ಕೂತಿತ್ತು, ಅಪ್ಪಯ್ಯ ಸೊಂಟದವರೆಗೆ ಅದರೊಳಗಿದ್ದ. ಮುಖ ಮೇಲಕ್ಕೆ ಇತ್ತು. ಕಣ್ಣು ತೆರೆದಿತ್ತು. ಸ್ವಲ್ಪ ಹೊತ್ತು ಮಣ್ಣಿನ ಹರಳು ನೀರಿಗೆ ಬೀಳುವುದಷ್ಟೇ ಕೇಳಿಸಿತು. ಆಮೇಲೆ ಅಪ್ಪಯ್ಯ, ಬೇರೆ ಏನೂ ಆಗದವನಂತೆ, ಕೈಯಲ್ಲಿದ್ದ ಕರಟವನ್ನು ಮಣ್ಣಿಗೆ ಹಾಕಿ ಮತ್ತೆ ನೀರು ಹುಡುಕತೊಡಗಿದ.

"ಕೊಡ ಬಿಡು. ಇನ್ನೂ ಹದಿನೈದಾಗ್ಬೇಕು" ಎಂದ.

ಆಗ ಅಮ್ಮ ಬಾವಿಕಟ್ಟೆಗೆ ಎರಡೂ ಕೈ ಊರಿ ಕೆಳಗೆ ಕೂಗಿದಳು.

"ಸಾಕು ಬನ್ನಿ ಮಾರಾಯ್ರೇ! ಆ ನೀರು ಹುಲ್ಲಿಗೆ ಹೋಗೇ ಇಲ್ಲ!"

"ಎಂತ?"

"ಹುಲ್ಲಿಗೆ ಹೋಗೇ ಇಲ್ಲ ಅಂದೆ! ಕಾಲುವೆಗೆ ಇಳ್ದು ಬಸಳೆ ಬುಡಕ್ಕೆ ಹೋಗ್ತಿತ್ತು! ಎಲ್ಲಾ ನೀರೂ! ನಾನೇ ದಾರಿ ಮಾಡಿ ಕೊಟ್ಟಿದ್ದು! ಮೇಲೆ ಬನ್ನಿ!"

ಬಾವಿ ಒಂದು ಸಲ ಅವಳ ದನಿಯನ್ನು ವಾಪಸು ಕೊಟ್ಟಿತು. ಅಪ್ಪಯ್ಯ ಕರಟ ಕೆಳಗಿಟ್ಟ. ಕಾಲು ಎಳೆದುಕೊಳ್ಳಲು ನೋಡಿದ. ಎಳೆದಾಗ ಇನ್ನೊಂದು ಹಿಡಿ ಮಣ್ಣು ಮೇಲಿನಿಂದ ಉದುರಿತು. ಅವನ ಮುಖ ಬದಲಾದದ್ದು ಆಗ.

ಹನುಮಕ್ಕ ಅದೇ ಹೊತ್ತಿಗೆ ಖಾಲಿ ಕೊಡ ಹಿಡಿದು ಗುಡ್ಡ ಹತ್ತಿ ಬಂದದ್ದು. ಕೆಳಗಿನ ರಸ್ತೆಗೆ ಟಾರು ಹಾಕುವ ಕೆಲಸಕ್ಕೆ ಚಳ್ಳಕೆರೆ ಕಡೆಯಿಂದ ಬಂದ ಗುಂಪಿನವಳು. ದಿನಾ ಎರಡು ಕೊಡ ಕುಡಿಯುವ ನೀರು ಒಯ್ಯುತ್ತಿದ್ದಳು. ಅವಳು ಒಮ್ಮೆ ಬಗ್ಗಿ ನೋಡಿ, ಕೊಡ ಕೆಳಗಿಟ್ಟು, ರಸ್ತೆಯ ಕಡೆ ತಿರುಗಿ ಗಂಡನನ್ನು ಕೂಗಿದಳು. ಆಮೇಲೆ ಬಾವಿಗೆ ಬಾಯಿಟ್ಟು ಮಗುವಿಗೆ ಹೇಳುವ ಹಾಗೆ ಮೆತ್ತಗೆ ಮಾತಾಡಿದಳು.

"ಅಣ್ಣೋ, ಅಲ್ಲಾಡಬ್ಯಾಡ. ಕಾಲು ಎಳೀಬ್ಯಾಡ ಕಣಪ್ಪ. ಮೊದ್ಲು ಕೈಲಿ ಸುತ್ತ ಬಿಡುಸ್ಕ. ಮಣ್ಣು ನಿಂಗೇನೂ ಸಾಲ ಕೊಟ್ಟಿಲ್ಲ, ತಾನೇ ಬಿಡ್ತದೆ. ಹಗ್ಗ ಬತ್ತೈತೆ, ಕಂಕುಳಡಿ ಕಟ್ಕ."

ನಾಲ್ಕು ಜನ ಎಳೆದೆವು: ಹನುಮಕ್ಕ, ಅವಳ ಗಂಡ, ಅಮ್ಮ, ಕೊನೆಯಲ್ಲಿ ನಾನು. ಎಷ್ಟು ಹೊತ್ತು ಎಂದು ಹೇಳಲಾರೆ. ಹಗ್ಗದ ನಾರು ನನ್ನ ಅಂಗೈಗೆ ಚುಚ್ಚಿತ್ತು, ಆ ಮುಳ್ಳುಗಳನ್ನು ಅಮ್ಮ ಮಾರನೆಯ ದಿನ ತೆಗೆದಳು. ಅಪ್ಪಯ್ಯ ಕಟ್ಟೆಯ ಮೇಲೆ ಹೊಟ್ಟೆ ಹಾಕಿ ಮೇಲೆ ಬಂದ. ಸೊಂಟದಿಂದ ಕೆಳಗೆ ಪೂರ್ತಿ ಬಿಳಿ. ನೆಲದ ಮೇಲೆ ಕೂತು, ಉಸಿರು ಬಿಟ್ಟು, ನಮ್ಮ ನಾಲ್ಕೂ ಮುಖಗಳನ್ನು ಒಂದೊಂದಾಗಿ ನೋಡಿದ.

"ಬಸಳೆಗಾ?" ಎಂದ.

ಅಮ್ಮ ಸೆರಗಿನಿಂದ ಅವನ ಕಾಲು ಒರೆಸುತ್ತಿದ್ದಳು. ಅವನು ತೊಳೆಯಲು ನೀರು ಕೇಳಿದರೆ, "ಇರೋದು ಕುಡಿಯೋಕೆ" ಎಂದಳು.

ಜಗಳ ಆದದ್ದು ಮಧ್ಯಾಹ್ನದ ಊಟಕ್ಕೆ ಕೂತಾಗ. ಜಗಳ ಎಂದರೆ ಇಷ್ಟೇ.

"ಯಾವಾಗಿಂದ?"

"ಮೊದ್ಲಿಂದ."

"ಮೊದ್ಲಿಂದ ಅಂದ್ರೆ?"

"ನೀವು ನೀರು ಹೊರೋಕೆ ಶುರು ಮಾಡಿದ ದಿನದಿಂದ."

"ಹೇಳ್ಲಿಲ್ಲ ಎಂತಕ್ಕೆ?"

"ಹೇಳಿದ್ರೆ ಆ ತೂತು ಮುಚ್ತಿದ್ರಿ. ಮಗು ತಟ್ಟೇಲಿ ಎಂತ ಹಾಕ್ತಿದ್ದೆ ನಾನು?"

"ನಾನು ಸಾಯ್ತಿದ್ದೆನಲ್ಲೇ, ಮಾರಾಯ್ತಿ."

"ಸಾಯ್ತೀರಿ ಅಂತ ಗೊತ್ತಿದ್ರೆ ಹೇಳ್ತಿದ್ದೆ" ಎಂದು ಅಮ್ಮ ಅನ್ನದ ಕೈಯಲ್ಲೇ ಅತ್ತಳು. ನಾನು ತಟ್ಟೆ ನೋಡುತ್ತ ಕೂತಿದ್ದೆ. ನನಗೂ ಗೊತ್ತಿತ್ತು ಎಂದು ಹೇಳಲು ಅದೇ ಹೊತ್ತು. ಹೇಳಲಿಲ್ಲ. ತಟ್ಟೆಯಲ್ಲಿದ್ದದ್ದು ಬಸಳೆಯೇ.

ಸಂಜೆ ಹನುಮಕ್ಕ ಮತ್ತೆ ಬಂದಳು. ಅಪ್ಪಯ್ಯನನ್ನು ನೋಡಿಕೊಂಡು ಹೋಗಲು ಬಂದವಳು ಹುಲ್ಲಿನ ಸುತ್ತ ಒಂದು ಸುತ್ತು ನಡೆದು, ಕಾಲುವೆ ನೋಡಿ, ತೂತು ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನಣ್ಣೋ, ನೀರಿಗೆ ಜಾರುಬಂಡೆ ಕಟ್ಟಿದೀಯ! ನಮ್ಮೂರಾಗೆ ಹಿಂಗ್ ಮಾಡಿದ್ರೆ ಊರ್ನೋರು ಹಿಡ್ದು ಮರಕ್ಕೆ ಕಟ್ತಾರೆ."

"ನಿಮ್ಮೂರಿಗೆ ನಮ್ಮ ಆಷಾಢದ ಮಳೆ ಒಂದು ದಿನ ಬರ್ಲಿ. ಆಮೇಲೆ ಹೇಳು" ಎಂದ ಅಪ್ಪಯ್ಯ.

"ನಮ್ ಆಸಾಡ್ದಾಗೆ ಬರೀ ಗಾಳಿ ಕಣಣ್ಣೋ. ಮಳೆ ಬರಾಗಂಟ ಕಾಯ್ಕಂಡು ಕುಂತ್ರೆ ನಿನ್ ಹುಲ್ಲು ಉಳೀತೈತಾ? ಹಾರೆಕೋಲು ಐತಾ ಮನ್ಯಾಗೆ?"

ಅವಳು ಹೇಳಿದಂತೆ ಅಪ್ಪಯ್ಯ ಅಂಚಿನ ಸುತ್ತ ಅಂಗೈ ಎತ್ತರದ ಬದು ಕಟ್ಟಿದ. ಹುಲ್ಲನ್ನು ಹುರಿಹಗ್ಗದಿಂದ ಎಂಟು ಪಾಲು ಮಾಡಿ, ಪಾಲು ಪಾಲಿನ ನಡುವೆಯೂ ಸಣ್ಣ ಬದು ಹಾಕಿದ. ಹಾರೆಕೋಲಿನಿಂದ ಗೇಣಿಗೊಂದು ತೂತು ಚುಚ್ಚಿದ. ದಿನಕ್ಕೆ ಒಂದೇ ಪಾಲಿಗೆ, ಹೊತ್ತು ಇಳಿದ ಮೇಲೆ, ಕೊಡದ ಬಾಯಿಗೆ ಕೈ ಅಡ್ಡ ಹಿಡಿದು ನಿಧಾನ ನೀರು ಬಿಡಬೇಕು. ಮತ್ತೆ ಆ ಪಾಲಿಗೆ ಏಳು ದಿನ ನೀರಿಲ್ಲ. ಕತ್ತಿಯಿಂದ ನುಣ್ಣಗೆ ಸವರುವುದು ಬೇಡ, ಬೆರಳುದ್ದ ಬಿಡು, ತನ್ನ ಬುಡಕ್ಕೆ ತಾನೇ ನೆರಳು ಎಂದಳು. ದಿನಾ ಗುಟುಕು ಗುಟುಕು ಕೊಟ್ಟರೆ ಬೇರು ಮೇಲೇ ಸುಳಿಯುತ್ತದೆ, ಕಾಯಿಸಿ ಕೊಟ್ಟರೆ ನೀರು ಹುಡುಕಿಕೊಂಡು ಕೆಳಗೆ ಹೋಗುತ್ತದೆ ಎಂದಳು. ಒಣಗಿದ ಒಂದು ಗೆಣ್ಣನ್ನು ಕಿತ್ತು ಉಗುರಿನಿಂದ ಕೆರೆದು ತೋರಿಸಿದಳು. ಒಳಗೆ ಬೆಳ್ಳಗೆ, ಹಸಿ ಇತ್ತು.

"ಸತ್ತಿಲ್ಲ. ಮನಗೈತೆ ಅಷ್ಟೇ."

ಬಾವಿಗೆ ಇನ್ನು ಇಳಿಯುವಂತಿರಲಿಲ್ಲ. ಇಳಿಯುವ ಹಗ್ಗವನ್ನೇ ಅಮ್ಮ ಬಚ್ಚಿಟ್ಟಿದ್ದಳು, ಸೇದುವ ಹಗ್ಗವಷ್ಟೇ ಉಳಿದಿತ್ತು. ತಾನಾಗಿ ಒಸರುವ ನೀರು ಬೆಳಗಾಗುವಷ್ಟರಲ್ಲಿ, ಸಣ್ಣ ಬಿಂದಿಗೆ ಬಿಟ್ಟು ಸೇದಿದರೆ, ಹನ್ನೆರಡು ಕೊಡ ಆಗುತ್ತಿತ್ತು. ಆರು ಮನೆಗೆ, ಎರಡು ಹನುಮಕ್ಕನಿಗೆ, ನಾಲ್ಕು ಹುಲ್ಲಿಗೆ. ಅರವತ್ತು ಕೊಡ ಕುಡಿದು ಒಣಗಿದ ಹುಲ್ಲು ನಾಲ್ಕು ಕೊಡಕ್ಕೆ ಚಿಗುರುತ್ತದೆ ಎಂದು ಅಪ್ಪಯ್ಯ ನಂಬಲಿಲ್ಲ, ಆದರೆ ಮಾಡಿದ. ಗೋಡೆಯಡಿಯ ತೂತನ್ನು ಮುಚ್ಚಿದವಳು ಅಮ್ಮ. ಯಾರೂ ಹೇಳಿರಲಿಲ್ಲ. ಕೊಡಗಳ ತಳದಲ್ಲಿ ಬಂದಿದ್ದ ಶೇಡಿಮಣ್ಣನ್ನೇ ಕಲಸಿ, ಮಂಡಿಯೂರಿ ಕೂತು, ಅಂಗೈಯಿಂದ ಒತ್ತಿ ಒತ್ತಿ ಮುಚ್ಚಿದಳು. ವಾರದಲ್ಲಿ ಬಸಳೆ ಬಾಡಿತು. ಇದ್ದ ಎಲೆಯನ್ನೆಲ್ಲ ಕೊಯ್ದು ಕೊನೆಯ ಸಲ ಹುಳಿ ಮಾಡಿದಳು. ಅಪ್ಪಯ್ಯ ಉಂಡು, "ಉಪ್ಪು ಒಂದು ಚೂರು ಕಮ್ಮಿ" ಎಂದ. ಆಮೇಲೆ ಮಳೆ ಬರುವವರೆಗೆ ನಾವು ಉಂಡದ್ದು ಗಂಜಿ, ಮಾವಿನಮಿಡಿ.

ಹದಿನಾಲ್ಕನೇ ದಿನ ಮೊದಲ ಪಾಲಿನಲ್ಲಿ ಹಸಿರು ಕಂಡಿತು. ನೋಡಿದ್ದು ನಾನು. ಹತ್ತಿರ ಹೋದರೆ ಕಾಣುತ್ತಿರಲಿಲ್ಲ, ದೂರದಿಂದ ಓರೆಯಾಗಿ ನೋಡಿದರೆ ಕಾಣುತ್ತಿತ್ತು. ಅಪ್ಪಯ್ಯನನ್ನು ಕರೆದು ಹಾಗೆಯೇ ನೋಡಿಸಿದೆ. ಅವತ್ತು ಅವನು ನಾಲ್ಕರ ಬದಲು ಐದು ಕೊಡ ಹಾಕಲು ಹೋಗಿ ಅಮ್ಮನಿಂದ ಬೈಸಿಕೊಂಡ.

ದೊಡ್ಡ ಸಾಹೇಬರು ಬಂದಾಗ ಎಂಟು ಪಾಲಿನಲ್ಲಿ ಐದು ಹಸಿರಾಗಿದ್ದವು, ಮೂರು ಆಗಿರಲಿಲ್ಲ. ಅವರು ಜೀಪಿನಿಂದ ಇಳಿದು ಮೊದಲು ನೋಡಿದ್ದು ಹುಲ್ಲನ್ನಲ್ಲ, ಬದುವನ್ನು.

"ಏನಿದು ಸುತ್ತ ಕಟ್ಟೆ? ಮಳೆಗಾಲದಲ್ಲಿ ಕೆರೆ ಆಗುತ್ತಲ್ಲ."

"ಮಳೆ ಬಿದ್ದ ದಿನ ಒಡೀತೀನಿ ಸಾರ್. ನಿಂತ ದಿನ ಮತ್ತೆ ಕಟ್ತೀನಿ" ಎಂದ ಅಪ್ಪಯ್ಯ. "ಆಯ್ತು ಸಾರ್" ಬಿಟ್ಟು ಸಾಹೇಬರೊಬ್ಬರಿಗೆ ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಾಹೇಬರು ಬದುವಿನ ಗುಂಟ ನಡೆಯುತ್ತ ಬಾವಿಯವರೆಗೆ ಹೋದರು. ಬಗ್ಗಿ ನೋಡಿದರು.

"ಇದು ಕುಸಿದಾಗ ಒಳಗೆ ಯಾರಾದ್ರೂ ಇದ್ರಾ?"

ಅಪ್ಪಯ್ಯ ನೆಲ ನೋಡಿದ. ಅಡುಗೆಕೋಣೆಯ ಬಾಗಿಲ ಹಿಂದಿನಿಂದ ಅಮ್ಮನ ದನಿ ಬಂತು.

"ಇವ್ರೇ ಇದ್ರು. ಹುಲ್ಲಿಗೆ ನೀರು ತೋಡೋಕೆ ಇಳ್ದಿದ್ರು."

ಸಾಹೇಬರು ಬಾಗಿಲ ಕಡೆ ನೋಡಿದರು, ಹುಲ್ಲಿನ ಕಡೆ ನೋಡಿದರು. ಮಧ್ಯಾಹ್ನ ಊಟ ಮಾಡಿ, ಪುಸ್ತಕ ತರಿಸಿಕೊಂಡು ಬರೆದು ಹೊರಟುಹೋದರು. ಅಪ್ಪಯ್ಯನಿಗೆ ಸೈ ಹಾಕಲು ಬರುತ್ತಿತ್ತು, ಕೂಡಿಸಿ ಬರೆದ ಅಕ್ಷರ ಓದಲು ಬರುತ್ತಿರಲಿಲ್ಲ. ಜೀಪಿನ ಧೂಳು ಇಳಿಯುವವರೆಗೆ ಕಾದು ಪುಸ್ತಕವನ್ನು ನನ್ನ ಕೈಗೆ ಕೊಟ್ಟ. ನಾನು ತಡವರಿಸುತ್ತ ಓದಿದೆ.

"ಹುಲ್ಲುಹಾಸು ಈ ಬರಗಾಲದಲ್ಲಿ ತೃಪ್ತಿಕರ. ಬಾವಿ ಅಪಾಯಕರ. ಮಳೆಗಾಲಕ್ಕೆ ಮುಂಚೆ ಸಿಮೆಂಟಿನ ಬಳೆ ಇಳಿಸತಕ್ಕದ್ದು. ಅಲ್ಲಿಯವರೆಗೆ ಯಾರೂ ಇಳಿಯತಕ್ಕದ್ದಲ್ಲ. ಹಾಲಿ ಮೇಟಿಯನ್ನೇ ಮುಂದುವರಿಸುವುದು."

"ಕೊನೇದು ಓದು" ಎಂದ ಅಪ್ಪಯ್ಯ. ಓದಿದೆ.

"ಬಾವಿದು ಓದು" ಎಂದಳು ಅಮ್ಮ. ಓದಿದೆ.

ಅಪ್ಪಯ್ಯ ಬಂಗಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಮ್ಮ ಬಾಗಿಲಿಗೆ ಒರಗಿದಳು. ಮನೆ ಉಳಿದಿತ್ತು. ಮೂರು ವಾರದಿಂದ ನಾನು ಮುಚ್ಚಿಟ್ಟುಕೊಂಡಿದ್ದ ಮಾತು, ಹೆದರಿಕೆ ಹೋದ ಆ ಗಳಿಗೆಯಲ್ಲಿ, ತಾನಾಗಿಯೇ ಹೊರಗೆ ಬಂತು.

"ಅಪ್ಪಯ್ಯ, ನಂಗೂ ಗೊತ್ತಿತ್ತು."

"ಎಂತ?"

"ನೀರು ಬಸಳೆಗೆ ಹೋಗೋದು. ನೋಡಿದ್ದೆ ನಾನು."

ಅಮ್ಮ ಏನೋ ಹೇಳಲು ಹೊರಟಳು. ಅಪ್ಪಯ್ಯ ಕೈಯೆತ್ತಿ ಅವಳನ್ನು ನಿಲ್ಲಿಸಿದ.

"ಗೊತ್ತಿಲ್ದೆ ಇರುತ್ತಾ ಮಗಾ? ದಿನಾ ಕೊಯ್ತಿದ್ದೋಳು ನೀನೇ ಅಲ್ದಾ? ಬಾವಿಂದ ಮೇಲೆ ಬಂದು ನಿನ್ನ ಮುಖ ನೋಡಿದಾಗ್ಲೇ ತಿಳೀತು ನಂಗೆ."

ಮೂರು ವಾರ ಅವನು ನನ್ನ ಜೊತೆ ನೀರು ಹೊತ್ತಿದ್ದ, ಉಂಡಿದ್ದ, ಹುಲ್ಲಿನ ಹಸಿರನ್ನು ಓರೆಯಾಗಿ ನೋಡಿದ್ದ. ಒಂದು ಮಾತೂ ಆಡಿರಲಿಲ್ಲ. ನಾನು ಅಳಲು ಶುರು ಮಾಡಿದೆ. ಅವನು ಪುಸ್ತಕವನ್ನು ನನ್ನ ಮಡಿಲಿಗೆ ಸರಿಸಿದ.

"ಅಕ್ಷರ ಒದ್ದೆ ಮಾಡ್ಬೇಡ ಮಾರಾಯ್ತಿ, ಸಣ್ಣ ಸಾಹೇಬ್ರಿಗೆ ತೋರಿಸ್ಬೇಕು. ಓದು, ಇನ್ನೊಂದ್ಸಲ."

ನಾನು ಕಣ್ಣು ಒರೆಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಆ ಸಲ ಎಲ್ಲೂ ತಡವರಿಸಲಿಲ್ಲ.